ಜಾಡಿಯೊಳಗಿನ ಗುಂಡಿಗೆ

ಯಲಹಂಕದ ಕಡೆಯ ಒಂದು ಮೆಡಿಕಲ್ ಕಾಲೇಜಿನ ಮ್ಯೂಸಿಯಂನಲ್ಲಿ ಕಸ ಗುಡಿಸಿ ಜಾಡಿ ಒರೆಸುವುದು ನನ್ನ ಕೆಲಸ. ಮ್ಯೂಸಿಯಂ ಅಂದರೆ ರಾಜರ ಕತ್ತಿ ಗುರಾಣಿಯಲ್ಲ. ಔಷಧಿ ನೀರಿನಲ್ಲಿ ಮುಳುಗಿಸಿಟ್ಟ ಮನುಷ್ಯರ ಈಲಿ, ಕರುಳು, ಗುಂಡಿಗೆ. ವಾಸನೆಗೆ ಯಾರೂ ಒಳಗೆ ನಿಲ್ಲುವುದಿಲ್ಲ. ದಿನವೆಲ್ಲ ಮಾತಿಲ್ಲದೆ ಕಳೆಯುತ್ತದೆ, ರೂಢಿಯಾಗಿದೆ.

ಮೂರನೇ ಕಪಾಟಿನಲ್ಲಿ ನಿಂಬೆಹಣ್ಣಿನಷ್ಟು ಒಂದು ಗುಂಡಿಗೆ. ಹಚ್ಚಿದ ಚೀಟಿ ಹಳದಿಯಾಗಿದೆ. ಇಂಗ್ಲಿಷ್ ನನಗೆ ಬಾರದು. ವರ್ಷಗಟ್ಟಲೆ ಒರೆಸಿದೆ, ಅಷ್ಟೆ.

ಹೋದ ವರ್ಷ ಪಾಠದ ಮೇಡಂ ಅದನ್ನು ಓದುವ ಮಕ್ಕಳಿಗೆ ತೋರಿಸುತ್ತಿದ್ದರು. ನಡುಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ ಇಕ್ಕಟ್ಟು, ಅದಕ್ಕೇ ಮಗು ನೀಲಿಗಟ್ಟುತ್ತದೆ. ಈಗ ಎಳೆಯದರಲ್ಲೇ ಆಪರೇಶನ್ ಮಾಡುತ್ತಾರೆ. ಹುಟ್ಟಿದಾಗ ಹೇಗಿತ್ತೋ ಹಾಗೇ ಉಳಿದ ಗುಂಡಿಗೆ ನೋಡಬೇಕಾದರೆ ಇಂಥ ಹಳೇ ಜಾಡಿಗೇ ಬರಬೇಕು ಎಂದರು.

ನನ್ನ ಮೊದಲ ಮಗು ನೀಲಿಯಾಗಿತ್ತು. ಅತ್ತರೆ ತುಟಿ, ಉಗುರು ನೇರಳೆಹಣ್ಣಿನ ಬಣ್ಣ. ಮೂರು ತಿಂಗಳು ಬದುಕಿತು. ಬಸುರಿಯಾಗಿದ್ದಾಗ, ಗ್ರಹಣ ಬಿಟ್ಟಿತು ಅಂದುಕೊಂಡು ನಾನು ಬದನೆಕಾಯಿ ಹೆಚ್ಚಿದ್ದೆ. ಬಿಟ್ಟಿರಲಿಲ್ಲ. ಅದಕ್ಕೇ ಮಗುವಿಗೆ ಗ್ರಹಣ ಹಿಡಿಯಿತು ಎಂದರು ಅತ್ತೆ. ಗಂಡ ಸಾಯುವವರೆಗೂ ಪ್ರತಿ ಗ್ರಹಣಕ್ಕೆ ಈಳಿಗೆಮಣೆಯನ್ನು ಅಟ್ಟದ ಮೇಲಿಡುತ್ತಿದ್ದ. ನಾನೂ ನಂಬಿದ್ದೆ.

ಪಾಠ ಮುಗಿದು ಮಕ್ಕಳು ಹೋದ ಮೇಲೆ ಕೇಳಿದೆ.

"ಮೇಡಂ, ಗ್ರಹಣದಲ್ಲಿ ತಾಯಿ ತರಕಾರಿ ಎಚ್ಚಿದ್ರೆ ಇಂಗಾಗುತ್ತಾ?"

ಅವರು ನಗಲಿಲ್ಲ. "ಇಲ್ಲ ಅಜ್ಜಿ. ಎರಡು ತಿಂಗಳು ತುಂಬೋದ್ರೊಳಗೇ ಹಾರ್ಟ್ ಕಟ್ಟಿ ಮುಗಿದಿರುತ್ತೆ. ಈ ತೂತು ಆಗಲೇ ಮುಚ್ಚದೆ ಉಳಿದಿದ್ದು."

ಒರೆಸುವ ಬಟ್ಟೆ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಬದನೆಕಾಯಿ ಹೆಚ್ಚಿದ ದಿನ ಕೈತುಂಬ ಸೀಮಂತದ ಬಳೆ. ಆಗ ಏಳು ತಿಂಗಳು. ಅದರ ಗುಂಡಿಗೆ ಎಂದೋ ಕಟ್ಟಿಯಾಗಿತ್ತು.

ಹೇಳೋಣವೆಂದರೆ ಅತ್ತೆಯೂ ಇಲ್ಲ, ಗಂಡನೂ ಇಲ್ಲ. ಆ ಮಗುವನ್ನು ಕಂಡವರಲ್ಲಿ ಉಳಿದಿರುವವಳು ಚಿಕ್ಕಜಾಲದ ನಾದಿನಿ ಒಬ್ಬಳೇ. ಸಂಜೆ ಕೊಡಿಗೇಹಳ್ಳಿಯ ನನ್ನ ರೂಮಿಗೆ ಬಂದವಳೇ ಫೋನ್ ಮಾಡಿ ಎಲ್ಲ ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿದಳು.

"ಓಗ್ಲಿ ಬಿಡತ್ತಿಗೆ," ಅಂದಳು. "ಆದ್ರೂ ನೀನು ಅವತ್ತು ಬದನೇಕಾಯಿ ಎಚ್ಬಾರ್ದಾಗಿತ್ತು."

ಫೋನ್ ಇಟ್ಟೆ. ಈಳಿಗೆಮಣೆ ಗೋಡೆಗೆ ಒರಗಿತ್ತು. ಆ ರಾತ್ರಿ ಏನೂ ಹೆಚ್ಚಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆ.