ಕಿವಿಯಣ್ಣನ ಗಾಜಿನ ನೂಲು

ಫ್ಯಾನು ಮಾಡುವ ಕಾರ್ಖಾನೆಯಲ್ಲಿ ಅವನ ಕೆಲಸ ಕೇಳುವುದು. ಹೌದು, ಅಷ್ಟೇ. ಒಬ್ಬ ತಾಮ್ರದ ಸುರುಳಿ ಸುತ್ತುತ್ತಿದ್ದ, ಒಬ್ಬ ರೆಕ್ಕೆ ಜೋಡಿಸುತ್ತಿದ್ದ, ಇನ್ನೊಬ್ಬ ಬಣ್ಣ ಹೊಡೆಯುತ್ತಿದ್ದ. ಇವನು ಮಾತ್ರ ಸಾಲಿನ ತುದಿಯಲ್ಲಿ, ಗೋಡೆಗೆಲ್ಲ ದಪ್ಪ ಕಂಬಳಿ ಬಡಿದ ಒಂದು ಪುಟ್ಟ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು, ತಲೆಯ ಮೇಲೆ ತಿರುಗುವ ಹೊಸ ಫ್ಯಾನಿಗೆ ಕಿವಿಗೊಡುತ್ತಿದ್ದ. ಸರಿಯಿದ್ದರೆ ಬೆರಳಗೆಣ್ಣಿನಿಂದ ಮೇಜಿಗೆ ಒಂದು ಸಲ ಟಕ್ ಎಂದು ಬಡಿಯುತ್ತಿದ್ದ. ಸರಿಯಿಲ್ಲದಿದ್ದರೆ ಬಡಿಯುತ್ತಿರಲಿಲ್ಲ. ಕಂಬಳಿಯ ಆಚೆ ನಿಂತವರು ಆ ಟಕ್ಕಿಗಾಗಿ ಉಸಿರು ಹಿಡಿದು ಕಾಯುತ್ತಿದ್ದರಂತೆ. ಕಾರ್ಖಾನೆಯಲ್ಲಿ ಅವನನ್ನು ಕಿವಿಯಣ್ಣ ಎಂದರು, ಬೀದಿಯಲ್ಲೂ ಅದೇ ನಿಂತಿತು. ಹೆತ್ತವರು ಇಟ್ಟ ಹೆಸರು ಈಗ ಅವನಿಗೂ ಹೊಸದಾಗಿ ಕೇಳಿಸುತ್ತದೆ.

ಇಡೀ ಆಯುಷ್ಯ ಗುಂಯ್ ಎನ್ನುವುದನ್ನೇ ಕೇಳಿದವನು ನಿವೃತ್ತಿಯಾದ ಮೇಲೆ ಏನು ಬಯಸಬೇಕು ಹೇಳಿ? ಇವನು ಹಾಡು ಕೇಳಲು ಕೂತ. ಮನೆಯ ಹಿಂದಿನ ಕೋಣೆಗೆ ಎರಡು ಸ್ಪೀಕರು ಬಂದವು, ಒಂದು ಆಂಪ್ಲಿಫೈಯರು ಬಂತು, ಇಂಟರ್‌ನೆಟ್ಟಿನಿಂದ ಹಾಡು ಇಳಿಸಿಕೊಡುವ ಒಂದು ಚಿಕ್ಕ ಕಪ್ಪು ಪೆಟ್ಟಿಗೆ ಬಂತು. ಕಿಟಕಿಗೆ ಹಳೇ ರಜಾಯಿ ತೂಗುಬಿಟ್ಟ, ಬಾಗಿಲಿಗೂ ಒಂದು. ಸಂಜೆ ಬೆಳಕು ರಜಾಯಿಯ ಹೂವುಗಳ ಮೂಲಕ ಸೋಸಿ ಬಂದು ನೆಲದ ಮೇಲೆ ತೆಳ್ಳಗೆ ಕೆಂಪಾಗಿ ಬೀಳುವ ಹೊತ್ತಿಗೆ ಕಿವಿಯಣ್ಣ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಆ ಮನುಷ್ಯ ಯಾವ ಲೋಕದಲ್ಲಿ ಇರುತ್ತಿದ್ದನೋ, ಕರೆದರೆ ಓ ಅನ್ನುತ್ತಿರಲಿಲ್ಲ.

ಅವನಿಗೆ ಇಷ್ಟವಾದದ್ದು ಒಂದೇ ಬಗೆಯ ಸಂಗೀತ. ಯಾರೋ ಒಬ್ಬರೇ ಕೂತು ತಂತಿಯನ್ನು ಮೀಟುವುದು, ಮೀಟಿ ಬಿಡುವುದು, ಮುಂದಿನದಕ್ಕೆ ಅವಸರ ಮಾಡದೆ ಕಾಯುವುದು. ಮೀಟಿದ ಸ್ವರ ಕೋಣೆಯಲ್ಲಿ ಒಂದು ಸುತ್ತು ಹಾಕಿ, ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ ಎಲ್ಲಿಗೋ ಹೊರಟುಹೋಗುತ್ತದಲ್ಲ, ಅದರ ಬೆನ್ನು ಹತ್ತಿ ಹೋಗುವುದು ಅವನ ಸುಖ. ಆದರೆ ಒಂದು ಸ್ವರವನ್ನೂ ಅವನು ಕೊನೆಯವರೆಗೆ ಕಂಡವನಲ್ಲ. ಹೋಗುತ್ತ ಹೋಗುತ್ತ ಅದು ಒಂದು ಜುಂಯ್ ಎಂಬ ಸದ್ದಿನೊಳಗೆ ಮುಳುಗಿಬಿಡುತ್ತಿತ್ತು. ಒಂದೇ ಒಂದು ಸ್ವರ ಪೂರ್ತಿ ಮುಗಿಯುವುದನ್ನು ಕೇಳಿಬಿಡಬೇಕು, ಕಿವಿ ಗಟ್ಟಿಯಿರುವಾಗಲೇ ಕೇಳಿಬಿಡಬೇಕು. ಇದು ಅವನ ಆಸೆ.

ಆ ಜುಂಯ್ ಎಲ್ಲಿಂದ ಬರುತ್ತದೆಂದು ಅವನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಫ್ಯಾನು ಕೇಳಿ ಪಳಗಿದ ಕಿವಿ, ಮೋಟರಿನ ಸದ್ದು ತಿಳಿಯದೇ ಇದ್ದೀತೆ? ಅದು ಹೆಂಡತಿಯ ಹೊಲಿಗೆ ಯಂತ್ರದ ಮೋಟರು. ಅವಳು ಟೈಲರಮ್ಮ. ಬೀದಿಯ ಅರ್ಧ ಜನರ ಸೊಂಟದ ಅಳತೆ ಅವಳ ಬಾಯಲ್ಲಿತ್ತು, ಯಾರು ದಪ್ಪಗಾದರು ಎಂಬುದನ್ನು ಕನ್ನಡಿಗಿಂತ ಮುಂಚೆ ಹೇಳುತ್ತಿದ್ದಳು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ ಅವಳದು. ಇಂಟರ್‌ನೆಟ್ಟಿನ ಪೆಟ್ಟಿಗೆಯೂ ಅಲ್ಲೇ, ಅವಳ ಯಂತ್ರದ ಪಕ್ಕದ ಪ್ಲಗ್ಗಿನಲ್ಲೇ. ಅಲ್ಲಿಂದ ಒಂದು ತಂತಿ ಅಡುಗೆಮನೆ ದಾಟಿ, ಉದ್ದನೆಯ ಓಣಿ ದಾಟಿ ಇವನ ಕೋಣೆಗೆ ಬರುತ್ತಿತ್ತು. ಯಂತ್ರದ ಖಟಖಟ ಇಷ್ಟು ದೂರ ಗಾಳಿಯಲ್ಲಿ ಬರುತ್ತಿರಲಿಲ್ಲ. ತಂತಿಯಲ್ಲಿ ಬರುತ್ತಿತ್ತು. ಅವಳು ಪೆಡಲ್ ಒತ್ತಿದಾಗ ಸ್ಪೀಕರು ಜುಂಯ್, ಬಿಟ್ಟಾಗ ಸುಮ್ಮನೆ. ಇಬ್ಬರೂ ಕೂರುತ್ತಿದ್ದದ್ದು ಸಂಜೆಗೇ, ಬಿಟ್ಟಾಗಲೂ ಮತ್ತೆ ಯಾವಾಗ ಒತ್ತುತ್ತಾಳೋ ಎಂದು ಇವನ ಕಿವಿ ಸ್ವರವನ್ನು ಬಿಟ್ಟು ಅತ್ತಲೇ ಕಾಯುತ್ತಿತ್ತು.

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೇಳಿದರೆ ಅವಳು ಸಂಜೆ ಹೊಲಿಯುವುದನ್ನೇ ಬಿಟ್ಟುಬಿಡುತ್ತಾಳೆ, ಇವನಿಗದು ಚೆನ್ನಾಗಿ ಗೊತ್ತು. ಹೊಲಿಯದ ಟೈಲರಮ್ಮನನ್ನು ನೆನೆಸಿಕೊಳ್ಳಲೂ ಅವನಿಂದ ಆಗುತ್ತಿರಲಿಲ್ಲ. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು, ತನ್ನಷ್ಟಕ್ಕೆ ತಾನು ತಂತಿಯ ಬೆನ್ನುಬಿದ್ದ. ಅದನ್ನು ಬೇರೆ ದಾರಿ ಬಳಸಿ ಎಳೆದ, ತಿರುಚಿ ನೋಡಿದ, ಹೊಸದು ತಂದು ಹಾಕಿದ. ಕೆಲವು ತಿಂಗಳ ಹಿಂದೆ ನೆಲದಿಂದ ಎತ್ತಿ ಗೋಡೆಯ ಮೇಲಕ್ಕೆ ಮೊಳೆ ಹೊಡೆದು ಕಟ್ಟಿದ. ಅದಾದ ಸ್ವಲ್ಪ ದಿನಕ್ಕೆ ಸದ್ದು ನಿಜಕ್ಕೂ ತೆಳ್ಳಗಾಯಿತು! ಮೊದಲಿನ ಆ ದಪ್ಪ ಗುಮ್ಮೆನ್ನುವಿಕೆ ಹೋಗಿ ಒಂದು ಸಣ್ಣ ಜುಂಯ್ ಮಾತ್ರ ಉಳಿಯಿತು. ಕಿವಿಯಣ್ಣ ಬೀಗಿಹೋದ. ಎಲ್ಲಾ ಎಲ್ಲಿ ತಂತಿ ಕಟ್ಟುತ್ತೀವಿ ಅನ್ನೋದರಲ್ಲಿದೆ ಎಂದು ಮಗಳ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಮಗಳು ಅಪ್ಪನ ಮಾತಿಗೆ ಮೂಗು ಮುರಿದಳು. ಅವಳ ಕೆಲಸವೇ ತಂತಿಯದು. ಬೀದಿಬೀದಿಯಲ್ಲಿ ಗಾಜಿನ ಕೇಬಲ್ಲು ಜೋಡಿಸುವುದು, ಕೂದಲಿನಷ್ಟು ಸಣ್ಣ ಎಳೆಗಳನ್ನು ತುದಿಗೆ ತುದಿ ಸೇರಿಸಿ ಬೆಸೆಯುವುದು. ಅಮ್ಮ ಬಟ್ಟೆ ಹೊಲಿದರೆ ನಾನು ಬೆಳಕು ಹೊಲಿಯುತ್ತೇನೆ ಎಂದು ಗೆಳತಿಯರ ಹತ್ತಿರ ಜಂಬ ಮಾಡುವವಳು. ಒಂದು ಭಾನುವಾರ ಬಂದವಳು, ಅಮ್ಮ ಮುಂದೆ ಯಂತ್ರ ಓಡಿಸುತ್ತಿರುವಾಗಲೇ, ಹಿಂದಿನ ಕೋಣೆಯಲ್ಲಿ ಕಪ್ಪು ಪೆಟ್ಟಿಗೆಯಿಂದ ತಂತಿಯ ತುದಿಯನ್ನು ಕಿತ್ತಳು. ಜುಂಯ್ ಮಾಯ. ಸಿಕ್ಕಿಸಿದಳು. ಜುಂಯ್ ಹಾಜರು.

"ಇದು ತಾಮ್ರ ಅಪ್ಪ," ಎಂದಳು. "ಹಾಡು ಬರೋ ದಾರೀಲೇ ಅಮ್ಮನ ಮೋಟರಿನ ಕೊಳೆನೂ ಬರ್ತಿದೆ. ನೀನು ಗೋಡೆಗಾದ್ರೂ ಕಟ್ಟು, ಸೂರಿಗಾದ್ರೂ ಕಟ್ಟು. ಗಾಜು ಹಾಕ್ತೀನಿ, ಅದರಲ್ಲಿ ಬೆಳಕು ಮಾತ್ರ ಹೋಗುತ್ತೆ. ಕರೆಂಟಿಗೆ ಅಲ್ಲಿ ದಾರೀನೇ ಇಲ್ಲ."

ಕಿವಿಯಣ್ಣನಿಗೆ ಆ ರಾತ್ರಿ ನಿದ್ದೆಯಲ್ಲೆಲ್ಲ ಗಾಜು. ಮನೆಯ ಓಣಿಯೇ ಗಾಜಿನದಾಗಿತ್ತು, ಅದರೊಳಗೆ ಸ್ವರಗಳು ದೀಪ ಹಿಡಿದುಕೊಂಡು ಒಂದರ ಹಿಂದೆ ಒಂದು ಬರುತ್ತಿದ್ದವು, ಹೆಜ್ಜೆಯ ಸಪ್ಪಳವಿಲ್ಲ. ಎದ್ದ ಮೇಲೂ ಆ ಗುಂಗು ಇಳಿಯಲಿಲ್ಲ. ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿಕೊಂಡು ಪೂರ್ತಿ ಕುಡಿದ. ಹೆಂಡತಿ ನೋಡಿ, ತನ್ನ ಲೋಟ ಎತ್ತಿಕೊಂಡು ಹೋದಳು. ಅವಳೂ ಈಚೆಗೆ ಯಾವುದೋ ಯೋಚನೆಯಲ್ಲೇ ಇರುತ್ತಿದ್ದಳು. ಅವಳ ಮೇಜಿನ ಮೇಲೆ ಒಂದು ನೀಲಿ ಬಟ್ಟೆ ಮಡಿಸಿಟ್ಟಿತ್ತು. ಪರದೆಗೋ ಏನಕ್ಕೋ ಯಾರೋ ಕೊಟ್ಟದ್ದು. ಅದು ಅಲ್ಲಿ ಯಾವಾಗಿನಿಂದ ಇದೆ ಎಂದು ಅವನು ಕೇಳಿದ್ದಿಲ್ಲ.

ಗಾಜು ಹಾಕುವ ಕೆಲಸ ಕಳ್ಳತನದಲ್ಲೇ ಆಗಬೇಕಿತ್ತು, ಇಲ್ಲವಾದರೆ ಯಾಕೆ ಏನು ಎಂದು ಹೆಂಡತಿಗೆ ಹೇಳಬೇಕಾಗುತ್ತದಲ್ಲ. ಅವಳು ತಂಗಿಯ ಮನೆಗೆಂದು ಹೋದ ದಿನ ಮಗಳು ಚೀಲ ಹೊತ್ತು ಬಂದಳು. ತಾಮ್ರದ ತಂತಿಯನ್ನು ಕಿತ್ತು, ಅದೇ ಮೊಳೆಗಳ ಮೇಲೆ ತೆಳ್ಳನೆಯ ಹಳದಿ ಎಳೆಯೊಂದನ್ನು ಹರಿಸಿದಳು. ಎರಡೂ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದೊಂದು ಡಬ್ಬಿ. ಮುಂದಿನದು ಹಾಡನ್ನು ಬೆಳಕು ಮಾಡುತ್ತದೆ, ಹಿಂದಿನದು ಬೆಳಕನ್ನು ಮತ್ತೆ ಹಾಡಿನ ದಾರಿಗೆ ತರುತ್ತದೆ. ಹಿಂದಿನ ಡಬ್ಬಿಗೆ ಬ್ಯಾಟರಿಯನ್ನೇ ಕೊಟ್ಟಳು, ಅಮ್ಮನ ಪ್ಲಗ್ಗಿನ ನೆರಳೂ ತಾಗದಿರಲಿ ಎಂದು. ಎಳೆಯನ್ನು ಮಡಿಚಬೇಡ, ಮುರಿಯುತ್ತೆ ಎಂದು ಅಪ್ಪನಿಗೆ ಮಕ್ಕಳಿಗೆ ಹೇಳಿದಂತೆ ಹೇಳಿ ಹೊರಟಳು. ಟೈಲರಮ್ಮ ಬಂದಾಗ ಕಿವಿಯಣ್ಣ ಪೇಪರು ಓದುತ್ತ ಕೂತಿದ್ದ. ಪೇಪರು ತಲೆಕೆಳಗಾಗಿತ್ತು ಎಂದು ಅವಳು ಆಮೇಲೆ ಹೇಳಿದಳು.

ಸಂಜೆಯಾಯಿತು. ಅವಳು ಕೈಕಾಲು ತೊಳೆದು ಮುಂದಿನ ಕೋಣೆಗೆ ಹೋದಳು. ಇವನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ರಜಾಯಿ ಎಳೆದು, ಕುರ್ಚಿಯಲ್ಲಿ ಕೂತ. ಎದೆ ಹೊಡೆದುಕೊಳ್ಳುತ್ತಿತ್ತು, ಹೆಣ್ಣು ನೋಡಲು ಹೋದ ದಿನವೂ ಹೀಗೆ ಹೊಡೆದುಕೊಂಡಿರಲಿಲ್ಲ.

ಮೊದಲನೆಯ ಸ್ವರ ಬಂತು. ಬಂದು, ಕೋಣೆ ಸುತ್ತಿ, ಸಣ್ಣಗಾಯಿತು. ಯಾವ ಜಾಗದಲ್ಲಿ ಅದು ದಿನವೂ ಮುಳುಗುತ್ತಿತ್ತೋ ಆ ಜಾಗ ಬಂತು, ಮುಳುಗಲಿಲ್ಲ. ಅದನ್ನೂ ದಾಟಿ ಹೊರಟಿತು. ಕಿವಿಯಣ್ಣ ಅದರ ಹಿಂದೆ ಹೋದ. ಕಂಬಳಿ ಬಡಿದ ಆ ಹಳೆಯ ಕೋಣೆಯಿಂದ ಎದ್ದು, ಕಾರ್ಖಾನೆಯ ಉದ್ದನೆಯ ಅಂಗಳ ದಾಟಿ, ಗೇಟಿನಾಚೆ ಯಾವಾಗಲೋ ತಾನು ಸೈಕಲ್ ತುಳಿದ ರಸ್ತೆಯ ಮೇಲೆ ಹೋದ. ರಸ್ತೆಯ ಕೊನೆಯಲ್ಲಿ ಸ್ವರ ನಿಂತು, ಹಿಂದಿರುಗಿ ನೋಡಿದಂತೆ ಮಾಡಿ, ಇಲ್ಲವಾಯಿತು. ಕೊನೆ ಅಂದರೆ ಇದು. ಅವನ ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ಬಂದಾಗಲೇ ಅಳುತ್ತಿದ್ದೇನೆ ಎಂದು ಅವನಿಗೆ ತಿಳಿದದ್ದು.

ಎರಡನೆಯದೂ ಮುಗಿಯಿತು, ಮೂರನೆಯದೂ. ನಡುವೆ ಬರೀ ಮೌನ. ಆ ಮೌನದಲ್ಲಿ ಕೂತವನಿಗೆ, ಎಂದೂ ಬಾರದ ಒಂದು ಪ್ರಶ್ನೆ ಬಂತು. ಇವಳು ಹೊಲಿಯುತ್ತಿದ್ದಾಳೋ, ಇಲ್ಲವೋ?

ನೋಡಿ, ಇಷ್ಟು ವರ್ಷ ಅದನ್ನು ಯಾರೂ ಕೇಳಬೇಕಾಗಿರಲಿಲ್ಲ. ಸ್ಪೀಕರು ಹೇಳುತ್ತಿತ್ತು. ಈಗ ಹೊಲಿಯುತ್ತಿದ್ದಾಳೆ, ಈಗ ದಾರ ಪೋಣಿಸುತ್ತಿದ್ದಾಳೆ, ಈಗ ಯಾರೋ ಬಂದಿದ್ದಾರೆ, ಮಾತಿಗೆ ನಿಂತಿದ್ದಾಳೆ. ಅವನು ಬೈದುಕೊಳ್ಳುತ್ತ ಕೇಳಿದ್ದೆಲ್ಲ ಅವಳ ಸುದ್ದಿಯೇ ಆಗಿತ್ತು. ಇವತ್ತು ಆ ಕಡೆಯಿಂದ ಏನೂ ಇಲ್ಲ. ಅವಳು ಮನೆಯಲ್ಲಿಲ್ಲವೇನೋ ಎಂಬಂತೆ ಅವನಿಗೆ ಪಿಚ್ಚೆನಿಸಿತು. ಹಾಡು ತನ್ನ ಪಾಡಿಗೆ ತಾನು ನಡೆದಿತ್ತು. ಇವನು ಎದ್ದು ರಜಾಯಿ ಸರಿಸಿ ಓಣಿಗೆ ಬಂದ.

ಅಡುಗೆಮನೆಯ ಹತ್ತಿರ ಬಂದಾಗ ಯಂತ್ರದ ಸದ್ದು ಕೇಳಿಸಿತು. ಹೊಲಿಯುತ್ತಿದ್ದಾಳೆ ಎಂದು ಸಮಾಧಾನವಾಯಿತು. ಇನ್ನೆರಡು ಹೆಜ್ಜೆ ಇಟ್ಟವನು ಅಲ್ಲೇ ನಿಂತ. ಗಾಳಿಯಲ್ಲಿ ನೇರವಾಗಿ ಬಂದ ಆ ಸದ್ದನ್ನು ಅವನ ಕಿವಿ ಒಂದೇ ಸಲಕ್ಕೆ ಹಿಡಿಯಿತು. ಹೊರೆಯಿಲ್ಲದ ಮೋಟರು. ರೆಕ್ಕೆ ಕಟ್ಟದ ಫ್ಯಾನು ತಿರುಗಿದಾಗ ಹೀಗೆ, ತೆಳ್ಳಗೆ, ಸಲೀಸಾಗಿ ಕೂಗುತ್ತದೆ ಎಂದು ಕಾರ್ಖಾನೆಗೆ ಬಂದ ಹೊಸಬರಿಗೆಲ್ಲ ಮೊದಲ ಪಾಠವಾಗಿ ಹೇಳಿಕೊಟ್ಟವನು ಇವನೇ. ಬಟ್ಟೆ ದೂಡುವ ಮೋಟರಿಗೆ ಒಂದು ದಪ್ಪ ಇರುತ್ತದೆ. ಇದಕ್ಕೆ ಅದಿರಲಿಲ್ಲ.

ಬಾಗಿಲ ಸಂದಿಯಲ್ಲಿ ನೋಡಿದ. ಟೈಲರಮ್ಮ ದೀಪ ಹಾಕಿಕೊಂಡಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಕೂತು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ಬೀದಿಯ ಕಡೆ ಮುಖ ಮಾಡಿ ಸುಮ್ಮನೆ ಪೆಡಲ್ ಒತ್ತುತ್ತಿದ್ದಳು. ಸೂಜಿ ಏಳುತ್ತಿತ್ತು, ಇಳಿಯುತ್ತಿತ್ತು. ಅದರಲ್ಲಿ ದಾರ ಇರಲಿಲ್ಲ, ಕೆಳಗೆ ಬಟ್ಟೆ ಇರಲಿಲ್ಲ. ನೀಲಿ ಬಟ್ಟೆ ಮಡಿಸಿಟ್ಟಲ್ಲೇ ಇತ್ತು, ಮಡಿಕೆಯ ಮೇಲೆ ದೂಳು ಕೂತಿತ್ತು.

ತಾನು ತಂತಿಯನ್ನು ಗೋಡೆಗೆ ಕಟ್ಟಿದ್ದರಿಂದ ಸದ್ದು ತೆಳ್ಳಗಾಗಿದ್ದಲ್ಲ, ಆಗಿನಿಂದಲೇ ಆ ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಇಷ್ಟು ತಿಂಗಳು ಸಂಜೆ ಸಂಜೆ ಅದನ್ನು ಕೇಳುತ್ತ, ತನ್ನ ಜಾಣತನಕ್ಕೆ ತಾನೇ ಮೀಸೆ ತಿರುವುತ್ತ ಕೂತಿದ್ದ ಮೂರ್ಖ. ತನ್ನ ಕಿವಿಯ ಮೇಲೆ ಅವನಿಗೆ ಹೇಸಿಗೆಯಾಯಿತು.

ಅವಳು ತಿರುಗಿ ನೋಡಿದಳು. ಕಾಲು ಪೆಡಲಿನ ಮೇಲೇ ಇತ್ತು. ಸಿಕ್ಕಿಬಿದ್ದವಳಂತೆ ಒಂದು ಸಲ ನಕ್ಕು, ಆ ನಗು ಮುಖದಲ್ಲಿ ಉಳಿಯದೆ ತಲೆ ತಗ್ಗಿಸಿದಳು. ಆಮೇಲೆ ಹೇಳಿದಳು, ಎಲ್ಲ ಒಟ್ಟಿಗೆ ಅಲ್ಲ, ಒಂದೊಂದೇ. ಕಣ್ಣ ನಡುವೆ ಒಂದು ಮಬ್ಬು ಬಂದು ಕೂತಿದೆ, ನೋಡಬೇಕೆಂದ ಕಡೆಯೇ ಅದು ಬಂದು ನಿಲ್ಲುತ್ತದೆ. ಒಂದು ಅಂಗಿಯ ಕಾಲರು ಸೊಟ್ಟಗೆ ಹೊಲಿದಳಂತೆ. ಹೊಲಿಸಿಕೊಂಡವಳು ಏನೂ ಅನ್ನದೆ ಮಡಿಸಿಕೊಂಡು ಹೋದಳಂತೆ. ಬೈದಿದ್ದರೆ ಚೆನ್ನಾಗಿತ್ತು. ಆ ದಿನದಿಂದ ಯಾರ ಬಟ್ಟೆಯನ್ನೂ ಮುಟ್ಟಿಲ್ಲ. ಇವತ್ತು ಹೋದದ್ದೂ ತಂಗಿಯ ಮನೆಗಲ್ಲ, ಕಣ್ಣಿನ ಡಾಕ್ಟರ ಹತ್ತಿರ. ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರಂತೆ.

ಮತ್ತೆ ಇದನ್ನು ಯಾಕೆ ಓಡಿಸುತ್ತೀಯ ಎಂದು ಅವನು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಅವಳೇ ಹೇಳಿದಳು.

"ನಿಮ್ಮ ಸ್ಪೀಕರಲ್ಲಿ ನನ್ನ ಮೆಷೀನು ಕೇಳಿಸುತ್ತೆ ಅಂತ ನನಗೆ ಯಾವತ್ತೋ ಗೊತ್ತು. ಒಂದಿನ ಮಗಳು ಇಲ್ಲಿ ಏನೋ ಹೊಲೀತಿದ್ಲು, ನಾನು ನಿಮ್ಮ ಕೋಣೆ ಗುಡಿಸ್ತಿದ್ದೆ, ಸ್ಪೀಕರು ಜುಂಯ್ ಅಂತು. ನನಗೂ ಕಿವಿ ಇದೆ ಕಣ್ರೀ. ನೀವು ಒಂದಿನಾನೂ ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂತಾನೂ ಗೊತ್ತಿತ್ತು. ಸದ್ದು ನಿಂತ್ರೆ ನೀವು ಎದ್ದು ಬರ್ತೀರ, ಯಾಕೆ ಅಂತೀರ. ಏನ್ ಹೇಳ್ಲಿ?"

ಅವನು ಹತ್ತಿರ ಬಂದು ಯಂತ್ರದ ತಲೆಯ ಮೇಲೆ ಕೈಯಿಟ್ಟ. ಅದು ಬೆಚ್ಚಗಿತ್ತು.

ಅವಳು ಕೇಳಿದಳು, "ಈಗ್ಲೂ ಕೇಳಿಸ್ತಿದೆಯಾ ಅಲ್ಲಿ?"

"ಇಲ್ಲ," ಎಂದ. "ಮಗಳು ಇವತ್ತು ತಂತಿ ಬದಲಾಯಿಸಿದ್ಲು. ಗಾಜಿಂದು. ಅದರಲ್ಲಿ ನೀನು ಬರಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ."

"ಹಾಗಾದ್ರೆ ಸಾಕು ಬಿಡಿ," ಎಂದು ಟೈಲರಮ್ಮ ಪೆಡಲಿನಿಂದ ಕಾಲು ತೆಗೆದಳು. ಸೂಜಿ ಮೇಲೆ ಹೋಗಿ ಅಲ್ಲೇ ನಿಂತಿತು. ಅವಳು ಯಂತ್ರಕ್ಕೆ ಮುಸುಕು ಹಾಕುವಾಗ ಅವನೂ ಒಂದು ಕಡೆ ಎಳೆದ. ಅವಳು ಅತ್ತಳು, ಅವನು ಅವಳ ಬೆನ್ನು ಸವರಿದ. ಹಿಂದಿನ ಕೋಣೆಗೆ ಬಾ ಎಂದು ಕರೆದ. ನಿಮ್ಮ ಆ ಟಿಣ್ ಟಿಣ್ ಕೇಳಿದರೆ ನನಗೆ ನಿದ್ದೆ ಬರುತ್ತೆ ಎಂದು ಮೂಗೊರೆಸಿಕೊಂಡಳು. ಬಂದರೆ ಬರಲಿ ಎಂದ.

ಅಡುಗೆಮನೆಯ ಕುರ್ಚಿಯನ್ನು ತಂದು ಅವಳಿಗೆ ಹಾಕಿದ, ದಿಂಬು ಕೊಟ್ಟ. ರಜಾಯಿಯ ಹೂವುಗಳಲ್ಲಿ ಬೆಳಕು ಇನ್ನೂ ಒಂದಿಷ್ಟು ಉಳಿದಿತ್ತು. ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದ. ಸ್ವರ ಬಂದು, ಸುತ್ತಿ, ಸಣ್ಣಗಾಗುತ್ತ ಹೊರಟಿತು. ಅದು ಮುಗಿಯುವ ಜಾಗ ಇನ್ನೇನು ಬರಬೇಕು, ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಒಂದು ಗೊರಕೆ ಕೇಳಿಸಿತು. ಸಣ್ಣದು, ಒಂದೇ ಲಯದ್ದು. ಸ್ವರ ಅದರೊಳಗೆ ಮುಳುಗಿಹೋಯಿತು.

ಕಿವಿಯಣ್ಣ ಸ್ಪೀಕರಿನ ಸದ್ದನ್ನು ಇಳಿಸಿದ. ಕಣ್ಣು ಮುಚ್ಚಿ ಆ ಗೊರಕೆಯನ್ನೇ ಬಹಳ ಹೊತ್ತು ಕೇಳಿದ. ಆಮೇಲೆ, ಅವಳಿಗೆ ಎಚ್ಚರವಾಗದಂತೆ, ಕುರ್ಚಿಯ ಕೈ ಮೇಲೆ ಬೆರಳಗೆಣ್ಣಿನಿಂದ ಮೆಲ್ಲಗೆ ಒಂದು ಸಲ ಬಡಿದ.