ಹಿಟ್ಟಿನ ಮೇಲಿನ ಎಂಟು ಗೆರೆ

ಇದು ನಡೆದದ್ದು. ಸಾಕ್ಷಿ ಕೇಳಿದರೆ ಮಾತ್ರ ನನ್ನಲ್ಲಿಲ್ಲ. ಇತ್ತು… ಅದನ್ನು ಈ ಬಲಗೈಯಿಂದ ನಾನೇ ಒರೆಸಿಹಾಕಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಿರೇಗುಂಟನೂರಿನ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ನಾನು ಪಿಯುಸಿಗೆ ಓದು ನಿಲ್ಲಿಸಿ ಕುರಿಗಳ ಹಿಂದೆ ಹೋದೆ. ತಂಗಿ ಭಾಗ್ಯ ಚಿತ್ರದುರ್ಗದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ, ಕರಾವಳಿಯಲ್ಲಿ ಸಮುದ್ರದ ಜೀವಿಗಳನ್ನು ಅಭ್ಯಾಸ ಮಾಡುವವರ ಬಳಿ ಕೆಲಸಕ್ಕೆ ಸೇರಿದಳು. ಮೊಣಕಾಲುದ್ದ ನೀರಿಗೆ ಇಳಿಯಲೂ ಹೆದರುತ್ತಿದ್ದ ಹುಡುಗಿ ದಿನಾ ದೋಣಿ ಹತ್ತುತ್ತಿದ್ದಳು.

ಅವಳು ಹುಡುಕುತ್ತಿದ್ದುದು ಬಾಚಣಿಗೆ ಜೆಲ್ಲಿ ಎಂಬ ಪ್ರಾಣಿಯನ್ನು. ದೀಪಾವಳಿಗೆ ಬಂದಾಗ ಫೋನಿನಲ್ಲಿ ತೋರಿಸಿದ್ದಳು. ಗಾಜಿನ ಬುಡ್ಡಿಯಂಥ ತಿಳಿ ಮೈ. ಅದರ ಮೇಲೆ ತುದಿಯಿಂದ ತುದಿಗೆ ಎಂಟು ಸಾಲು. ಒಂದೊಂದು ಸಾಲಿನಲ್ಲೂ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಸಣ್ಣ ಕೂದಲು. ಅವು ಮಿಡಿದಾಗ ಬೆಳಕು ಏಳು ಬಣ್ಣವಾಗಿ ಸಾಲಿನುದ್ದಕ್ಕೂ ಓಡುತ್ತಿತ್ತು.

"ಇದಕ್ಕೆ ಎಲುಬಿಲ್ಲ, ರಕ್ತ ಇಲ್ಲ, ಮಿದುಳೂ ಇಲ್ಲ ಕಣಣ್ಣ."

"ಹಂಗಾರೆ ನಮ್ ಸಿದ್ದಪ್ಪ ಮಾವನ ಸಂಬಂಧ ಬಿಡು."

ಅವಳು ನಕ್ಕು ನನ್ನ ತೋಳಿಗೆ ಗುದ್ದಿದಳು. "ತಮಾಷೆ ಮಾಡಬ್ಯಾಡ. ಮೀನು ಹುಟ್ಟೋಕಿಂತ ಎಷ್ಟೋ ಮುಂಚೆಯಿಂದ ಐತೆ ಇದು. ಪ್ರಾಣಿಗಳ ಮನೆತನದಾಗೆ ಮೊದಲು ಬ್ಯಾರೆ ಹೋಗಿದ್ದು ಇದೇ ಅಂತಾರೆ. ಅಲ್ಲ ಅನ್ನೋರೂ ಅವರೆ, ಜಗಳ ಇನ್ನೂ ಮುಗಿದಿಲ್ಲ. ಇನ್ನೊಂದು ಕೇಳು. ಗಾಯ ಆಗಿರೋ ಎರಡನ್ನ ಒಟ್ಟಿಗೆ ಇಟ್ರೆ ಬೆಳಗಾಗೋದ್ರೊಳಗೆ ಕೂಡ್ಕಂಡು ಒಂದೇ ಆಗ್ಬಿಡ್ತವೆ. ಆಮೇಲೆ ಒಂದು ಕಡೆ ಮುಟ್ಟಿದ್ರೂ ಎರಡೂ ಕಡೆ ಬೆಚ್ಚಿಬೀಳ್ತೈತೆ."

"ಸತ್ರೆ?"

"ನೀರಾಗೆ ನೀರಾಗ್ತೈತೆ ಅಣ್ಣ. ಹುಡುಕಿದ್ರೂ ಏನೂ ಸಿಗಲ್ಲ."

ಮೂರು ತಿಂಗಳಿಗೆ ಅವಳಿದ್ದ ದೋಣಿ ಮಗುಚಿತು. ಉಳಿದವರು ದಡ ಸೇರಿದರು. ಭಾಗ್ಯಳನ್ನು ದಿನಗಟ್ಟಲೆ ಹುಡುಕಿದರು… ಹೆಣವೂ ಸಿಗಲಿಲ್ಲ. ಅವಳ ಬ್ಯಾಗು ಮನೆಗೆ ಬಂತು. ಅದರಲ್ಲಿದ್ದ ಒಂದು ಚೂಡಿದಾರವನ್ನೇ ಮಣ್ಣು ಮಾಡಿದೆವು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಮಣ್ಣು ಮಾಡಿದ ಮೂರನೆಯ ರಾತ್ರಿ, ಸತ್ತವರು ಮಲಗುತ್ತಿದ್ದ ಕೋಣೆಯ ನೆಲದ ಮೇಲೆ ರಾಗಿ ಹಿಟ್ಟನ್ನು ತೆಳ್ಳಗೆ ಹರಡಿ, ಅದರ ಮೇಲೆ ಬಿದಿರಿನ ಪುಟ್ಟಿ ಬೋರಲು ಹಾಕಿ, ದೀಪ ಇಟ್ಟು ಬಾಗಿಲು ಮುಚ್ಚುತ್ತೇವೆ. ಬೆಳಿಗ್ಗೆ ಹಿಟ್ಟಿನ ಮೇಲೆ ಹಕ್ಕಿಯ ಕಾಲೋ ಕುರಿಯ ಗೊರಸೋ ಮೂಡಿದ್ದರೆ, ಹೋದವರು ಆ ಜನ್ಮ ಪಡೆದು ಒಮ್ಮೆ ಮನೆಗೆ ಬಂದು ಹೋದರು ಎಂದು ಲೆಕ್ಕ.

ಆ ಬೆಳಿಗ್ಗೆ ಹಿಟ್ಟು ಹರಡಿದಂತೆಯೇ ಇತ್ತು. ಒಂದು ಗೀರೂ ಇರಲಿಲ್ಲ.

ಅವ್ವ ಅಲ್ಲೇ ಕುಸಿದಳು. "ನನ್ ಮಗಳು ಇನ್ನೂ ನೀರಾಗೇ ಅವಳೆ. ಅವಳು ಬಂದ ಗುರುತು ಕಾಣೋ ತನಕ ಈ ಬಾಯಿಗೆ ತುತ್ತು ಹಾಕಲ್ಲ" ಎಂದಳು. ಹಾಗೇ ಮಾಡಿದಳು. ನೀರು ಬಿಟ್ಟು ಏನೂ ಇಲ್ಲ. ಡಾಕ್ಟರು ಮನೆಗೇ ಬಂದು ಗ್ಲೂಕೋಸ್ ಹಾಕಿದರು. "ಹಿಂಗೇ ಆದ್ರೆ ಇನ್ನೆರಡು ದಿನ ಅಷ್ಟೆ" ಎಂದು ನನ್ನನ್ನು ಹೊರಗೆ ಕರೆದು ಹೇಳಿದರು.

ಒಂಬತ್ತನೆಯ ರಾತ್ರಿ ಇನ್ನೊಮ್ಮೆ ಹಿಟ್ಟು ಹರಡಿದೆವು. ಇದೇ ಕೊನೆ ಎಂದರು ಹಿರಿಯರು. ಸಿದ್ದಪ್ಪ ಮಾವ, ಅವ್ವನ ತಮ್ಮ, ನನ್ನನ್ನು ಕುರಿ ಹಟ್ಟಿಯ ಹತ್ತಿರಕ್ಕೆ ಕರೆದೊಯ್ದು ಪಿಸುಗುಟ್ಟಿದ.

"ಲೇ ಮಂಜ, ಹಿಟ್ಟಿಗೆ ಕಾಲು ಬರದಿದ್ರೆ ನಾವೇ ಬರಿಸ್ಬೇಕು ಕಣಲೇ. ಮೂರು ಬೆರಳು ಗೀಚು, ಹಕ್ಕಿ ಆಗ್ತೈತೆ. ಪಾಪ ಬಂದ್ರೆ ನನಗಿರಲಿ."

ಕೋಣೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಕೋಣೆಗಿರುವುದು ಅದೊಂದೇ ಬಾಗಿಲು, ಕಿಟಕಿಯಿಲ್ಲ. ಅವ್ವ ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಎರಡು ಗಂಟೆಯ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು. ನಾನು ಎದ್ದೆ.

ಬೀಗಕ್ಕೆ ಕೈ ಹಾಕಿದಾಗ ಒಳಗಿನಿಂದ ಸದ್ದು… ಸರ್… ಸರ್… ಒದ್ದೆ ಕೂದಲನ್ನು ಯಾರೋ ನಿಧಾನವಾಗಿ ಬಾಚುತ್ತಿರುವಂತೆ.

ಬಾಗಿಲು ತೆಗೆದೆ. ಸದ್ದು ನಿಂತಿತು. ದೀಪ ಆರಿಹೋಗಿತ್ತು. ಮೂಗಿಗೆ ಉಪ್ಪಿನ, ಪಾಚಿಯ ವಾಸನೆ ರಪ್ಪನೆ ಹೊಡೆಯಿತು. ಹೆಣ ಹುಡುಕಲು ಹೋಗಿ ದಡದಲ್ಲಿ ನಿಂತಿದ್ದಾಗ ಉಸಿರಿಗೆ ಅಂಟಿಕೊಂಡಿತ್ತಲ್ಲ, ಅದೇ ವಾಸನೆ. ಸಮುದ್ರದಿಂದ ಅಷ್ಟು ದೂರದ, ಒಣ ನೆಲದ ನಮ್ಮ ಊರಿನಲ್ಲಿ…

ಮೊಬೈಲ್ ಬೆಳಕು ಹಾಕಿ ಪುಟ್ಟಿ ಎತ್ತಿದೆ.

ಹಿಟ್ಟಿನ ನಡುವಿನಿಂದ ಹೊರಕ್ಕೆ ಎಂಟು ಗೆರೆ. ಎರಡು ಸಲ ಎಣಿಸಿದೆ. ಒಂದೊಂದು ಗೆರೆಯಲ್ಲೂ ಅಡ್ಡಡ್ಡಲಾಗಿ ಬಾಚಣಿಗೆಯ ಹಲ್ಲಿನಂತೆ ಸಣ್ಣ ಸಣ್ಣ ಗೀರು. ಕೈಯಿಂದ ಬರೆಯಲು ಆಗದಷ್ಟು ಸಣ್ಣವು. ಗೆರೆಗಳೆಲ್ಲ ಒದ್ದೆ. ಬೆಳಕು ಅಲುಗಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಬಣ್ಣ ಓಡಿತು… ಕೆಂಪು, ಹಸಿರು, ನೀಲಿ…

"ಭಾಗ್ಯ?" ಎಂದೆ.

ಪಡಸಾಲೆಯಿಂದ ಅವ್ವನ ದನಿ. "ಯಾರಲೇ ಅದು? ಬಂದ್ಲೇನೋ ಮಂಜ? ಕಾಲು ಮೂಡೈತೇನೋ?"

ಅವ್ವನಿಗೆ ಬೇಕಿದ್ದುದು ಕಾಲು. ಇದಕ್ಕೆ ಕಾಲಿಲ್ಲ. ಈ ಗೆರೆಗಳನ್ನು ತೋರಿಸಿದರೆ ಇಲಿ ಓಡಾಡಿದೆ ಅನ್ನುತ್ತಾಳೆ, ನಾಳೆಯೂ ಉಣ್ಣುವುದಿಲ್ಲ ಎಂದಷ್ಟೇ ತಲೆಗೆ ಬಂತು. ಅಂಗೈ ಇಟ್ಟು ಮೊದಲ ಗೆರೆಯನ್ನು ಒರೆಸಿದೆ. ಹಿಮದಷ್ಟು ತಣ್ಣಗಿತ್ತು.

ಹೊರಗೆ ಅವ್ವ ಚೀರಿದಳು.

ಕೈ ತೆಗೆದೆ. ಅವಳು ಸುಮ್ಮನಾದಳು. ಎರಡನೆಯ ಗೆರೆಗೆ ಕೈ ತಾಗಿಸಿದೆ. ಮತ್ತೆ ಚೀರಿದಳು. "ಅಯ್ಯೋ… ಮುಟ್ಟಬ್ಯಾಡ… ಸುಲೀತೈತೆ…"

ಒಂದು ಕಡೆ ಮುಟ್ಟಿದರೆ ಎರಡೂ ಕಡೆ ಬೆಚ್ಚಿಬೀಳುತ್ತದೆ. ಭಾಗ್ಯಳ ಮಾತು ನೆನಪಾಯಿತು. ಆಗಲೇ ನಿಲ್ಲಿಸಬೇಕಿತ್ತು. ಆದರೆ ಅವ್ವ ಗೋಡೆ ಹಿಡಿದುಕೊಂಡು ಎದ್ದು ಬರುತ್ತಿದ್ದ ಸದ್ದು ಕೇಳಿಸಿತು. ಕಣ್ಣು ಮುಚ್ಚಿ ಉಳಿದ ಆರನ್ನೂ ಒಂದೇ ಸಲಕ್ಕೆ ಒರೆಸಿದೆ. "ಅವ್ವಾ…" ಎಂದು ಅವ್ವನೇ ಕೂಗಿದಳು, ಭಾಗ್ಯಳ ದನಿಯಲ್ಲಿ. ಧೊಪ್ಪೆಂದು ಬಿದ್ದಳು.

ಬೆರಳಿನಿಂದ ಹಕ್ಕಿಯ ಒಂದು ಕಾಲು ಗೀಚಿ, ಪುಟ್ಟಿ ಮುಚ್ಚಿ, ಬೀಗ ಹಾಕಿ ಓಡಿಹೋಗಿ ಅವಳನ್ನು ಎತ್ತಿದೆ. ಜೀವವಿತ್ತು.

ಬೆಳಿಗ್ಗೆ ಎಲ್ಲರ ಮುಂದೆ ಪುಟ್ಟಿ ಎತ್ತಿದೆವು. ಅವ್ವ ಹಿಟ್ಟಿನ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದಳು.

"ಹಕ್ಕಿ ಆಗ್ಯಾಳೆ… ಅಷ್ಟು ದೂರದಿಂದ ಹಾರ್ಕಂಡು ಬಂದಾಳೆ" ಎಂದಳು. ಆಮೇಲೆ, "ಒಂದೇ ಕಾಲು ಯಾಕಪ್ಪ?"

ಮಾವನೇ ಹೇಳಿದ: "ಕೊಕ್ಕರೆ ಕಣಕ್ಕ. ಅದು ಒಂಟಿಕಾಲಾಗೇ ನಿಂತ್ಕಳದು."

ಅವ್ವ ಒಂಬತ್ತು ದಿನದಲ್ಲಿ ಮೊದಲ ಸಲ ತುಸು ನಕ್ಕಳು. ಅಂಬಲಿ ಕುಡಿದಳು. ಕುಡಿಯುತ್ತ ನನ್ನ ಕಡೆ ನೋಡಿ, "ರಾತ್ರಿ ಯಾರೋ ನನ್ನ ಬೆನ್ನ ಮ್ಯಾಲಿನ ಚರ್ಮ ಉಜ್ಜಿ ತೆಗೆದಂಗಾತು ಕಣೋ" ಎಂದಳು.

ಈಗ ಅವ್ವ ಚೆನ್ನಾಗಿದ್ದಾಳೆ. ಸಂಜೆ ಕೆರೆಯ ಏರಿಗೆ ಹೋಗಿ ಕೊಕ್ಕರೆಗಳನ್ನು ನೋಡಿಕೊಂಡು ಬರುತ್ತಾಳೆ. ಯಾವುದೋ ಒಂದನ್ನು ತೋರಿಸಿ ಮಗಳ ಹೆಸರು ಹಿಡಿದು ಕರೆಯುತ್ತಾಳೆ. ನಾನು ಹೂಂ ಅನ್ನುತ್ತೇನೆ.

ಆ ಗೆರೆಗಳನ್ನು ಓದಲು ಬರುತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ. ಅದು ಅವಳಿಗೂ ಗೊತ್ತಿತ್ತು ಅನಿಸುತ್ತದೆ. ನನಗೆಂದೇ ಬರೆದಿದ್ದಳೇನೋ.

ಪ್ರತಿ ಅಮಾವಾಸ್ಯೆಗೆ ಅವ್ವ ಮಲಗಿದ ಮೇಲೆ ಆ ಕೋಣೆಯಲ್ಲಿ ಹಿಟ್ಟು ಹರಡುತ್ತೇನೆ. ಈ ಸಲ ಮುಟ್ಟುವುದಿಲ್ಲ ಭಾಗ್ಯ, ಎಂದು ಗಟ್ಟಿಯಾಗಿಯೇ ಹೇಳಿ ಪುಟ್ಟಿ ಮುಚ್ಚುತ್ತೇನೆ.

ಬೆಳಿಗ್ಗೆ ಎತ್ತಿದರೆ… ಹಿಟ್ಟು ಹರಡಿದಂತೆಯೇ ಇರುತ್ತದೆ.