ಹಳೆಯ ಪಿಕಪ್ಪಿಗೆ ಯಾವ ಎಂಜಿನ್

ಗುತ್ತಿಗಾರಿಗೆ ಹೋಗುವ ಏರಿನಲ್ಲಿ ನಮ್ಮ ಪಿಕಪ್ ಮೂರನೆಯ ಸಲ ಕುದಿದು ನಿಂತ ದಿನ ನಾನು ಬಾನೆಟ್ ಎತ್ತುವುದಕ್ಕೂ ಇಳಿಯಲಿಲ್ಲ. ಹಿಂದೆ ಕಾಳುಮೆಣಸಿನ ಕಸಿಗಿಡಗಳು ಬಿಸಿಲಿಗೆ ಬಾಡುತ್ತಿದ್ದವು. ಪಕ್ಕದ ಸೀಟಿನಲ್ಲಿ ನನ್ನ ಗಂಡ, "ನೀರು ಈಗಲೇ ಹಾಕ್ಬೇಡ, ತಣಿಯಲಿ" ಎಂದರು. ನನಗೆ ಅದು ಗೊತ್ತಿತ್ತು.

ಬೆಳ್ಳಾರೆಯ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ. ಗಿಡಗಳನ್ನು ತೋಟಗಳಿಗೆ ಮುಟ್ಟಿಸುವುದು ಮೊದಲು ಅವರ ಕೆಲಸವಾಗಿತ್ತು. ನಾಲ್ಕು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಅವರ ಎಡಗಾಲಿನ ಬಲ ಹೋಯಿತು. ಕ್ಲಚ್ ಒತ್ತಲು ಆಗದ ಮೇಲೆ ನಾನು ಐವತ್ತೆರಡರ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡೆ. ಜೀಪಿನ ಮುಖದ ಆ ಹಳೆಯ ಪಿಕಪ್ ನಮ್ಮ ಮದುವೆಗಿಂತ ಮೊದಲೇ ಅವರು ಕೊಂಡದ್ದು. ಅದನ್ನು ಮಾರುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಪುತ್ತೂರಿನ ಮೆಕ್ಯಾನಿಕ್ ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ಲಾರಿ ರಿಪೇರಿ ಮಾಡಿ ಬಂದ ಬ್ಯಾರಿ ಮುಸ್ಲಿಮರು. ಎಂಜಿನ್ ಚಾಲೂ ಮಾಡಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು.

"ಅಕ್ಕಾ, ಇದರ ದಮ್ಮು ಮುಗಿದಿದೆ. ಮೂರು ದಾರಿ ಉಂಟು. ಇದೇ ಪೆಟ್ರೋಲ್ ಎಂಜಿನನ್ನು ಪೂರ್ತಿ ಬಿಚ್ಚಿ ಹೊಸ ಪಿಸ್ಟನ್, ರಿಂಗು ಹಾಕುದು. ಇಲ್ಲದಿದ್ರೆ ಹಳೇ ಜೀಪಿನ ಡೀಸೆಲ್ ಎಂಜಿನ್ ಕೂರಿಸುದು. ಮತ್ತೆ, ಈಗಿನ ಕಾರಿನ ಸಣ್ಣ ಡೀಸೆಲ್ ಉಂಟು, ಆದ್ರೆ ಅದಕ್ಕೆ ವಯರು, ಕಂಪ್ಯೂಟರು ಎಲ್ಲ ಬೇಕು. ಮಳೆಗೆ ಹಾಳಾದ್ರೆ ನನ್ನಿಂದ ಆಗ್ಲಿಕ್ಕಿಲ್ಲ."

ಮೂರನೆಯದು ಅಲ್ಲಿಗೇ ಬಿದ್ದುಹೋಯಿತು. ಉಳಿದ ಎರಡು ನಮ್ಮ ಮನೆಗೆ ಬಂದು ಕೂತವು.

ಗಂಡನಿಗೆ ಪೆಟ್ರೋಲೇ ಬೇಕು. ಸದ್ದಿಲ್ಲ, ನಡುಕವಿಲ್ಲ, ಆ ಗಾಡಿಗೆಂದೇ ಹುಟ್ಟಿದ ಎಂಜಿನ್ ಅದು ಎನ್ನುವುದು ಅವರ ವಾದ. ಗಿಡ ಕೊಳ್ಳಲು ಬಂದವರೆಲ್ಲ ಡೀಸೆಲಿನ ಕಡೆ. ಏರಿಗೆ ಎಳೆತ ಬೇಕು, ಪೆಟ್ರೋಲ್ ಕುಡಿಸಿ ಯಾರಿಗೆ ಪೂರೈಸುತ್ತದೆ ಎಂದು ಅವರು. ಬೆಳಿಗ್ಗೆ ದೋಸೆ ಹುಯ್ಯುವಾಗ ಅದೇ ಮಾತು, ಸಂಜೆ ಗಿಡಕ್ಕೆ ನೀರು ಬಿಡುವಾಗಲೂ ಅದೇ. ನಾನು ಎರಡೂ ಕಡೆಯವರ ಮಾತಿಗೆ ಹೂಂ ಎನ್ನುತ್ತಿದ್ದೆ. ಒಳಗೊಳಗೆ ನನಗೂ ಡೀಸೆಲೇ ಸರಿಯೆನಿಸಿತ್ತು. ರಸ್ತೆಯ ಬದಿಯಲ್ಲಿ ನೀರಿನ ಕ್ಯಾನು ಹಿಡಿದು ಕಾಯುವುದು ಸಾಕಾಗಿತ್ತು.

ಮೆಕ್ಯಾನಿಕ್ಕೇ ಒಂದು ಉಪಾಯ ಹೇಳಿದರು. ಕಡಬದ ಒಬ್ಬ ರಬ್ಬರ್ ಕೃಷಿಕರ ಹತ್ತಿರ ಇಂಥದೇ ಪಿಕಪ್ ಇದೆ, ಅದಕ್ಕೆ ತಾನೇ ಡೀಸೆಲ್ ಎಂಜಿನ್ ಕೂರಿಸಿದ್ದು, ಒಮ್ಮೆ ಓಡಿಸಿ ನೋಡಿ ಎಂದರು. ನಾವಿಬ್ಬರೂ ಬಸ್ಸು ಹಿಡಿದು ಹೋದೆವು. ಅವರನ್ನು ಬಸ್ಸಿನ ಮೆಟ್ಟಿಲು ಹತ್ತಿಸಿ ಇಳಿಸುವುದರಲ್ಲೇ ನನ್ನ ಅರ್ಧ ಶಕ್ತಿ ಮುಗಿದಿತ್ತು.

ಕೃಷಿಕರು ಕೀ ಕೊಟ್ಟು, "ಲೋಡ್ ಇದ್ರೂ ಎರಡನೇ ಗೇರಲ್ಲಿ ಹತ್ತುತ್ತದೆ ಮಾರಾಯ್ರೆ, ನೋಡಿ" ಎಂದರು. ಸುಳ್ಳಲ್ಲ. ಅವರ ತೋಟದ ಏರನ್ನು ಅದು ಆನೆಯ ಹಾಗೆ ಹತ್ತಿತು. ನಾನು ಸಂತೋಷದಿಂದ ಗಂಡನ ಕಡೆ ನೋಡಿದೆ. ಅವರು ಮುಖ ಸಣ್ಣದು ಮಾಡಿಕೊಂಡು ಎದುರಿನ ಕಂಬಿಯನ್ನು ಹಿಡಿದು ಕೂತಿದ್ದರು.

ಮೇಲೆ ಹೋಗಿ ತಿರುಗಿಸಬೇಕಿತ್ತು. ಡೀಸೆಲ್ ಎಂಜಿನ್ನಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಸ್ಟಿಯರಿಂಗ್ ಅರ್ಧ ಸುತ್ತು ಬಂದು ಕಲ್ಲಿನ ಹಾಗೆ ನಿಂತಿತು. ನನ್ನ ಬಲಭುಜದೊಳಗೆ ಏನೋ ಹರಿದ ಹಾಗೆ ನೋವು ಎದ್ದಿತು. ಗಾಡಿ ನಿಧಾನವಾಗಿ ಚರಂಡಿಯ ಕಡೆಗೆ ಜಾರಿತು. ಬ್ರೇಕ್ ಒತ್ತಿದೆ. ಒಂದು ಗೇಣು ಉಳಿದಿತ್ತು.

"ಎಂತಾಯ್ತು?" ಎಂದರು ಗಂಡ.

"ಕೈ ಏಳುದಿಲ್ಲ."

"ಯಾವಾಗಿನಿಂದ?"

"ಒಂದು ವರ್ಷ ಆಯ್ತು. ಜಡೆ ಹಾಕ್ಲಿಕ್ಕೂ ಆಗುದಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳುದು? ಮೂರು ತಿಂಗಳಿಂದ ಎಲ್ಲರೂ ಎಂಜಿನ್ನಿನದ್ದೇ ಮಾತಾಡುದು. ಅದನ್ನು ತಿರುಗಿಸುದು ಯಾರು ಅಂತ ಒಬ್ಬರಾದರೂ ಕೇಳಿದ್ದುಂಟಾ?"

ಹೇಳಿದ ಮೇಲೆ ಅಳು ಬಂತು. ಕೃಷಿಕರು ಓಡಿ ಬಂದು ಗಾಡಿಯನ್ನು ತಿರುಗಿಸಿಕೊಟ್ಟರು, ಅವರ ಹೆಂಡತಿ ಮಜ್ಜಿಗೆ ಕೊಟ್ಟರು. ಬಸ್ಸಿನಲ್ಲಿ ಬರುವಾಗ ಗಂಡ, "ಗಾಡಿ ಮಾರುವಾ?" ಎಂದು ಕೇಳಿದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಬೇಡ. ಪೆಟ್ರೋಲೇ ಇರಲಿ. ಅದು ಹಗುರ" ಎಂದೆ.

ಪಿಸ್ಟನ್ ಸಿಗುವುದಕ್ಕೇ ಎರಡು ತಿಂಗಳು ಹಿಡಿಯಿತು. ಈಗ ಗುತ್ತಿಗಾರಿಗೆ ಅರ್ಧ ಲೋಡು ಹಾಕಿಕೊಂಡು ಎರಡು ಸಲ ಹೋಗುತ್ತೇನೆ. ಒಂದು ದಿನದ ಕೆಲಸ ಎರಡು ದಿನವಾಗಿದೆ. ಭುಜಕ್ಕೆ ವೈದ್ಯರು ಹೇಳಿದ ವ್ಯಾಯಾಮವನ್ನು ಮಾಡಿದ ದಿನ ಮಾಡುತ್ತೇನೆ, ಬಿಟ್ಟ ದಿನ ಬಿಡುತ್ತೇನೆ. ಕಡಿದಾದ ತಿರುವು ಬಂದಾಗ ಗಂಡ ಪಕ್ಕದಿಂದ ತಮ್ಮ ಬಲಗೈ ಚಾಚಿ ಸ್ಟಿಯರಿಂಗನ್ನು ತಮ್ಮ ಕಡೆಗೆ ಎಳೆಯುತ್ತಾರೆ. ಮೂರು ಕೈ ಸೇರಿದರೆ ಅದು ಹೇಗೋ ತಿರುಗುತ್ತದೆ.

ಈ ಎಂಜಿನ್ ಇನ್ನೆಷ್ಟು ವರ್ಷ ಬರಬಹುದು ಎಂದು ಮೊನ್ನೆ ಮೆಕ್ಯಾನಿಕ್ಕನ್ನು ಕೇಳಿದೆ.

"ಜೋಪಾನ ಮಾಡಿದ್ರೆ ನಾಲ್ಕು ವರ್ಷಕ್ಕೆ ಅಡ್ಡಿ ಇಲ್ಲ ಅಕ್ಕಾ" ಎಂದರು.

ನನ್ನ ಭುಜಕ್ಕೂ ಅಷ್ಟು ಸಾಕು ಎಂದೆ.